ಕಪ್ಪು ಸೀ ಅರ್ಚಿನ್‌ನ ನೆತ್ತಿಯ ಮೇಲಿನ ಕಿತ್ತಳೆ ಉಂಗುರ ಏನು?

ಪ್ರಶ್ನೆ: ಹವಳದ ದಿಬ್ಬದ ಬಳಿ ತೆಗೆದ ಫೋಟೊದಲ್ಲಿ ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್ ಒಂದಿದೆ. ನಡುವೆ ಕಿತ್ತಳೆ ಉಂಗುರದ ಕಣ್ಣಿನಂಥದ್ದು ಕಾಣುತ್ತದೆ. ಅದು ಕಣ್ಣೇ? ಇದು ಯಾವ ಜಾತಿ? ಪಕ್ಕದ ಚಿಕ್ಕದರ ಮುಳ್ಳು ಪಟ್ಟೆಪಟ್ಟೆಯಾಗಿದೆ, ಅದೂ ಇದೇ ಜಾತಿಯೇ?

ಉತ್ತರ: ಕಣ್ಣಲ್ಲ, ಗುದದ್ವಾರ. ಸೀ ಅರ್ಚಿನ್‌ನ ಬಾಯಿ ಅಡಿಭಾಗದಲ್ಲಿ, ಬಂಡೆಯ ಕಡೆಗಿರುತ್ತದೆ. ಅಲ್ಲಿನ ಐದು ಹಲ್ಲುಗಳಿಂದ ಪಾಚಿ ಕೆರೆದು ತಿನ್ನುತ್ತದೆ, ಹಿಕ್ಕೆ ನೆತ್ತಿಯಿಂದ ಹೊರಬೀಳುತ್ತದೆ. ನೆತ್ತಿಯಲ್ಲಿ ಉಬ್ಬಿದ ಚರ್ಮದ ಚೀಲವೊಂದಿದೆ. ನೀವು ಕಂಡ ಉಂಗುರ ಆ ಚೀಲದ ಬಾಯಿಯ ಅಂಚು.

ಕಿತ್ತಳೆ ಉಂಗುರವಿದ್ದರೆ ಅದು ಬಹುಮಟ್ಟಿಗೆ ಡಯಾಡೆಮಾ ಸೆಟೋಸಮ್. ಕೆಂಪು ಸಮುದ್ರದಿಂದ ಜಪಾನ್, ಆಸ್ಟ್ರೇಲಿಯಾ ತನಕ ಇದರ ನೆಲೆ. 2006ರಿಂದೀಚೆಗೆ ಮೆಡಿಟರೇನಿಯನ್‌ನಲ್ಲೂ ಇದೆ. ಆದರೆ ಉಂಗುರವೊಂದನ್ನೇ ನೆಚ್ಚಬೇಡಿ. ಚೀಲದ ಸುತ್ತ ಐದು ಬಿಳಿ ಚುಕ್ಕೆಗಳಿವೆಯೇ, ಹೊಳೆಯುವ ನೀಲಿ ಚುಕ್ಕೆಗಳು ಸಾಲುಗಟ್ಟಿವೆಯೇ ನೋಡಿ. ಇದರ ಹತ್ತಿರದ ಬಂಧು ಡಯಾಡೆಮಾ ಸವಿಗ್ನಿಗೆ ಕಿತ್ತಳೆ ಉಂಗುರ ಇಲ್ಲ, ನೀಲಿ ಚುಕ್ಕೆಯ ಬದಲು ಗೆರೆಗಳಿರುತ್ತವೆ. ಇವೆರಡೂ ಕೂಡಿ ಮಿಶ್ರತಳಿ ಹುಟ್ಟುವುದುಂಟು, ಹಾಗಾಗಿ ಕೆಲವು ಫೋಟೊ ನೋಡಿ ಖಚಿತವಾಗಿ ಹೇಳಲಾಗದು. ಪಕ್ಕದಿಂದ ತೆಗೆದ ಫೋಟೊವಂತೂ ಪ್ರಯೋಜನಕ್ಕಿಲ್ಲ. ಮುಳ್ಳುಗಳೇ ಎಲ್ಲವನ್ನೂ ಮುಚ್ಚಿಬಿಡುತ್ತವೆ, ನೇರ ಮೇಲಿನಿಂದಲೇ ತೆಗೆಯಬೇಕು.

ಪಟ್ಟೆಯ ಮರಿ ಇದೇ ಜಾತಿಯದ್ದಿರಬಹುದು. ಎಳೆಯವಕ್ಕೆ ಬಿಳಿ-ಕಪ್ಪು ಪಟ್ಟೆ ಸಹಜ, ಬೆಳೆದಂತೆ ಕಪ್ಪಾಗುತ್ತವೆ. ಆದರೆ ದಪ್ಪ ಮುಳ್ಳುಗಳ ನಡುವೆ ಕೂದಲಿನಷ್ಟು ತೆಳುವಾದ ಹಳದಿ-ಕಂದು ಮುಳ್ಳುಗಳ ಗೊಂಚಲು ಬೇರೆಯೇ ಕಂಡರೆ ಅದು ಎಕಿನೋಥ್ರಿಕ್ಸ್ ಕಲಮಾರಿಸ್. ಆ ತೆಳು ಮುಳ್ಳುಗಳೇ ಹೆಚ್ಚು ನೋವು ಕೊಡುವಂಥವು.

ಇನ್ನು, ಕಣ್ಣಿಲ್ಲವೆಂದು ತೀರಾ ಹತ್ತಿರ ಹೋಗಬೇಡಿ. ಬೆಳಕನ್ನು ಅದು ಚರ್ಮದಿಂದಲೇ ಗ್ರಹಿಸುತ್ತದೆ. ಕೈಯ ನೆರಳು ಬಿದ್ದ ಕಡೆಗೆ ಮುಳ್ಳುಗಳು ವಾಲುತ್ತವೆ. ಚಿಪ್ಪಿನ ಅಗಲ ಏಳೆಂಟು ಸೆಂ.ಮೀ. ಅಷ್ಟೇ, ಮುಳ್ಳು ಮಾತ್ರ 30 ಸೆಂ.ಮೀ. ತನಕ ಬೆಳೆಯಬಲ್ಲದು. ಒಳಗೆ ಟೊಳ್ಳು, ಮೇಲೆಲ್ಲ ಸೂಕ್ಷ್ಮ ಹಲ್ಲುಗಳು. ಚರ್ಮ ಹೊಕ್ಕ ಕೂಡಲೇ ತುಂಡಾಗುತ್ತದೆ, ಚಿಮುಟ ಹಾಕಿ ಒತ್ತಿದರೆ ಪುಡಿಯಾಗಿ ಒಳಗೇ ಉಳಿಯುತ್ತದೆ. ಚುಚ್ಚಿದ ಭಾಗವನ್ನು ಚರ್ಮ ಸುಡದಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, 30ರಿಂದ 90 ನಿಮಿಷ ಇಡಿ. ಹೊರಗೆ ಚಾಚಿರುವ ತುಂಡನ್ನಷ್ಟೇ ನೇರವಾಗಿ ಎಳೆಯಿರಿ. ಚರ್ಮದಡಿಯ ಕಪ್ಪು ಕಲೆ ಕೆಲವೊಮ್ಮೆ ಬರೀ ಬಣ್ಣ, ಎರಡು ಮೂರು ದಿನದಲ್ಲಿ ಮಾಯುತ್ತದೆ. ಮಾಯದಿದ್ದರೆ ಒಳಗೆ ಮುಳ್ಳು ಉಳಿದಿರುವ ಸಾಧ್ಯತೆ ಹೆಚ್ಚು. ಬೆರಳಿನ ಗೆಣ್ಣಿಗೋ ಕೀಲಿಗೋ ಚುಚ್ಚಿದ್ದರೆ ಅಷ್ಟು ದಿನ ಕಾಯದೆ ಅಂದೇ ವೈದ್ಯರಿಗೆ ತೋರಿಸಿ, ಎಕ್ಸ್‌ರೇಯಲ್ಲಿ ತುಂಡು ಕಾಣಬಹುದು.