ರಸ್ತೆ ಕೊಡುವವರು ಒಬ್ಬರು, ಗ್ಲಾಸಿಗೆ ಒಪ್ಪುವವರು ಇನ್ನೊಬ್ಬರು

ಓದುಗರ ಪತ್ರ: ನನ್ನ ಭಾವಮೈದುನ ನ್ಯೂಯಾರ್ಕಿನ ಲೋವರ್ ಮ್ಯಾನ್‌ಹಾಟನ್‌ನಲ್ಲಿ ಸಣ್ಣದೊಂದು ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಾರೆ. ಅಂಗಡಿಯ ಮುಂಭಾಗ 20 ಅಡಿ. ಬರುವ ಏಪ್ರಿಲ್‌ನಿಂದ ರಸ್ತೆಯ ಪಾರ್ಕಿಂಗ್ ಜಾಗದಲ್ಲಿ ಮೇಜು ಹಾಕಬೇಕೆಂದಿದ್ದಾರೆ. ನಗರದ ಒಪ್ಪಿಗೆ ಸಿಕ್ಕರೆ ಮುಗಿಯಿತು ಎಂದು ಕೆಲವರು ಹೇಳಿದರೆ, ಒಪ್ಪಿಗೆ ಸಿಕ್ಕ ಮೇಲೂ ಹೊರಗೆ ಬಿಯರ್ ಕೊಡುವಂತಿಲ್ಲ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಎಲ್ಲಿಂದ ಶುರು ಮಾಡಬೇಕು? ಖರ್ಚಿಗೆ ತಕ್ಕ ಗಿರಾಕಿ ಕೂರುತ್ತಾರೆಯೇ? ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಇಂಥದ್ದು ಯಾಕೆ ಬರಲಿಲ್ಲ?

ಸಂಪಾದಕರ ಉತ್ತರ:

ನಮಸ್ಕಾರ. ನಿಮಗೆ ಹೇಳಿದ ಇಬ್ಬರ ಮಾತೂ ಅರ್ಧ ನಿಜ. ರಸ್ತೆಯನ್ನು ಬಳಸಲು ಬಿಡುವುದು ನಗರದ ಸಾರಿಗೆ ಇಲಾಖೆ. ಆ ರಸ್ತೆಯ ಮೇಲೆ ಮದ್ಯ ಬಡಿಸಲು ಬಿಡುವುದು ನ್ಯೂಯಾರ್ಕ್ ರಾಜ್ಯದ ಸ್ಟೇಟ್ ಲಿಕ್ಕರ್ ಅಥಾರಿಟಿ. ಎರಡು ಕಚೇರಿ, ಎರಡು ಅರ್ಜಿ, ಎರಡು ನಕ್ಷೆ. ಬಾರ್‌ನವರು ಮೊದಲನೆಯದಕ್ಕೆ ಪೂರ್ತಿ ಗಮನ ಕೊಟ್ಟು ಎರಡನೆಯದನ್ನು ಕೊನೆಗೆ ತಳ್ಳುತ್ತಾರೆ. ಊಟದ ಹೋಟೆಲಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಬಾರ್‌ಗೆ ಮಾತ್ರ ಒಂದು ಸೀಸನ್ನೇ ಕೈತಪ್ಪುತ್ತದೆ.

ಈಗಿನ ವ್ಯವಸ್ಥೆ ಹೇಗೆ ಬಂತೆಂದು ಗೊತ್ತಿದ್ದರೆ ನಿಯಮಗಳ ಕಾರಣ ತಾನೇ ತಿಳಿಯುತ್ತದೆ. 2020ರ ಜೂನ್‌ನಲ್ಲಿ, ಕೋವಿಡ್ ನಡುವೆ, ತುರ್ತು ಆದೇಶದ ಮೇಲೆ ಹೋಟೆಲುಗಳು ರಸ್ತೆಗಿಳಿದವು. ಶುಲ್ಕವಿರಲಿಲ್ಲ, ನಕ್ಷೆಯ ಪರಿಶೀಲನೆ ಇರಲಿಲ್ಲ. ಅನೇಕರು ಪ್ಲೈವುಡ್ ಗೋಡೆ, ತಗಡಿನ ಚಾವಣಿ ಹಾಕಿ ಪೂರ್ತಿ ಕೋಣೆಗಳನ್ನೇ ಕಟ್ಟಿದರು. ಹಲಗೆಯ ಸಂದಿನಲ್ಲಿ ಬಿದ್ದ ಅನ್ನ, ಬ್ರೆಡ್ಡು ನೆಲದಡಿಯ ಇಲಿಗಳಿಗೆ ಊಟವಾಯಿತು, ಚರಂಡಿ ಕಟ್ಟಿತು, ಕಸದ ಲಾರಿಗೆ ದಾರಿ ತಪ್ಪಿತು. ಅದಕ್ಕೇ 2023ರ 121ನೇ ಸ್ಥಳೀಯ ಕಾನೂನು ಬಂದಾಗ ಮೂರು ಮಾತು ಖಡಾಖಂಡಿತವಾದವು: ಬಿಚ್ಚಿ ಒಯ್ಯುವಂತಿರಬೇಕು, ಗೋಡೆ ಕಟ್ಟಿ ಮುಚ್ಚಬಾರದು, ಚಳಿಗಾಲದಲ್ಲಿ ರಸ್ತೆ ಖಾಲಿಯಾಗಬೇಕು. ಫುಟ್‌ಪಾತ್ ಮೇಲಿನ ಮೇಜುಗಳು ವರ್ಷವಿಡೀ ಇರಬಹುದು. ರಸ್ತೆಯ ಮೇಲಿನವಕ್ಕೆ ಏಪ್ರಿಲ್ 1ರಿಂದ ನವೆಂಬರ್ 29ರವರೆಗೆ ಮಾತ್ರ ಅವಕಾಶ. ಈ ನಿಯಮದಡಿ ಮೊದಲ ರಸ್ತೆ ಸೀಸನ್ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ. ಆಗ ಪೂರ್ತಿ ಪ್ರಕ್ರಿಯೆ ಮುಗಿಸಿದ್ದವರು ಕೆಲವರೇ. ಹೆಚ್ಚಿನವರು ಷರತ್ತಿನ ಅನುಮತಿಯ ಮೇಲೆ ಮೇಜು ಹಾಕಿದರು. ಆ ವಸಂತದಲ್ಲಿ ಬಾರ್‌ಗಳನ್ನು ಕಾಡಿದ್ದು ನಿಮ್ಮ ಪತ್ರದಲ್ಲಿರುವ ಪ್ರಶ್ನೆಯೇ: ನಗರದ ಷರತ್ತಿನ ಕಾಗದವಿದೆ, ಗ್ಲಾಸಿನ ಕಥೆಯೇನು?

ಮೊದಲು ಒಂದು ಅರ್ಹತೆಯ ಮಾತು. ಈ ಪರವಾನಗಿ ನೆಲಮಹಡಿಯಲ್ಲಿರುವ, ಆರೋಗ್ಯ ಇಲಾಖೆಯಿಂದ ಆಹಾರ ಸೇವೆಯ ಪರ್ಮಿಟ್ ಪಡೆದ ಜಾಗಗಳಿಗೆ ಮಾತ್ರ. ನಿಮ್ಮ ಭಾವಮೈದುನನದು ಬಾರ್ ಅಂಡ್ ರೆಸ್ಟೋರೆಂಟ್ ಆದ್ದರಿಂದ ತೊಂದರೆಯಿಲ್ಲ. ಆದರೆ ಪರ್ಮಿಟ್‌ನಲ್ಲಿರುವ ಹೆಸರು, ಬಾಡಿಗೆ ಕರಾರಿನಲ್ಲಿರುವ ಹೆಸರು, ಮದ್ಯದ ಲೈಸೆನ್ಸ್‌ನಲ್ಲಿರುವ ಕಂಪನಿಯ ಹೆಸರು ಮೂರೂ ಅಕ್ಷರಶಃ ಒಂದೇ ಇವೆಯೇ ನೋಡಿ. ಒಂದರಲ್ಲಿ ಅಂಗಡಿಯ ಹೆಸರು, ಇನ್ನೊಂದರಲ್ಲಿ ಕಂಪನಿಯ ಹೆಸರು ಇದ್ದರೆ ಕಡತ ವಾಪಸ್ ಬರುತ್ತದೆ. ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು, ಅದನ್ನು ಮೊದಲೇ ಕೇಳಿ. ಮೇಲಿನ ಮಹಡಿಯ ಬಾಡಿಗೆದಾರರ ದೂರು ಮಾಲೀಕರಿಗೆ ನೆನಪಾಗುವುದು ಇಂಥ ಹೊತ್ತಿನಲ್ಲೇ.

ಆಮೇಲೆ ಟೇಪು ಹಿಡಿದು ಬೀದಿಗಿಳಿಯಬೇಕು. ಅರ್ಜಿಗೆ ಮುಂಚೆ ಮಾಡುವ ಕೆಲಸಗಳಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ, ಯಾಕೆಂದರೆ ಬಹಳಷ್ಟು ಜಾಗಗಳು ಅಳತೆಯಲ್ಲೇ ಬಿದ್ದುಹೋಗುತ್ತವೆ. ಪಾರ್ಕಿಂಗ್ ಫಲಕ ಓದಿ: ಯಾವ ಹೊತ್ತಿನಲ್ಲೂ ಗಾಡಿ ನಿಲ್ಲಿಸಬಾರದೆಂದಿದ್ದರೆ, ಬಸ್ ನಿಲ್ದಾಣ ಅಥವಾ ಸೈಕಲ್ ಲೇನ್ ಆಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಫೈರ್ ಹೈಡ್ರಂಟ್‌ನಿಂದ, ಅಂದರೆ ಬೆಂಕಿ ಆರಿಸಲು ಬೀದಿಬದಿಯಲ್ಲಿ ನೆಟ್ಟಿರುವ ನೀರಿನ ಕೊಳಾಯಿಯಿಂದ, 15 ಅಡಿ ದೂರ ಬಿಡಬೇಕು. ಅದು ನಿಮ್ಮ ಅಂಗಡಿಯ ಮುಂದೆ ಇಲ್ಲದಿದ್ದರೂ ಪಕ್ಕದ ಅಂಗಡಿಯ ಮುಂದಿನದು ನಿಮ್ಮ 20 ಅಡಿಯಲ್ಲಿ ಅರ್ಧ ತಿನ್ನಬಹುದು. ಅಗ್ನಿಶಾಮಕ ವಾಹನಕ್ಕೆ 15 ಅಡಿ ತೆರೆದ ದಾರಿ ಉಳಿಯಬೇಕು. ಹಳೆಯ ಮ್ಯಾನ್‌ಹಾಟನ್‌ನ ಅಡ್ಡಬೀದಿ 30 ಅಡಿ ಅಗಲವಿದ್ದು, ಎದುರು ಬದಿಯ ಪಾರ್ಕಿಂಗ್‌ಗೆ 8 ಅಡಿ, ನಿಮ್ಮ ಕೆಫೆಗೆ (ರಸ್ತೆಯ ಮೇಜುಗಳ ಜಾಗಕ್ಕೆ) 8 ಅಡಿ ಹೋದರೆ ಉಳಿಯುವುದು 14. ಒಂದಡಿ ಸಾಲದು. ಆಗ ಕೆಫೆಯನ್ನು 7 ಅಡಿಗೆ ಇಳಿಸಿ ನಕ್ಷೆ ಬರೆಯಬೇಕು. ಅಂದಾಜಿನ ಮೇಲೆ 8 ಎಂದು ಬರೆದು ಕಳಿಸಿದರೆ ತಿರುಗಿ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಫುಟ್‌ಪಾತ್ ಮೇಲೂ ಮೇಜು ಬೇಕೆಂದಿದ್ದರೆ ನಡೆಯುವವರಿಗೆ ಬಿಡುವ ದಾರಿ ಕನಿಷ್ಠ 8 ಅಡಿ. ಜನ ಹೆಚ್ಚು ಓಡಾಡುವ ಬೀದಿಗಳಲ್ಲಿ ಇನ್ನೂ ಹೆಚ್ಚು. ಇದನ್ನು ಅಂಚುಕಲ್ಲಿನಿಂದ ಅಳೆಯುವ ತಪ್ಪು ಸಾಮಾನ್ಯ. ಮರದ ಪಾತಿ, ದೀಪದ ಕಂಬ, ಸೈಕಲ್ ಸ್ಟ್ಯಾಂಡ್, ಯಾವುದು ನಿಮ್ಮ ಗೋಡೆಗೆ ಹತ್ತಿರವಿದೆಯೋ ಅಲ್ಲಿಂದ ಅಳೆಯಿರಿ.

ಖರ್ಚಿಗೆ ತಕ್ಕ ಗಿರಾಕಿ ಕೂರುತ್ತಾರೆಯೇ ಎಂದು ಕೇಳಿದ್ದೀರಿ. ಲೆಕ್ಕ ಹಾಕೋಣ. 20 ಅಡಿ ಉದ್ದ, 8 ಅಡಿ ಅಗಲ ಅಂದರೆ 160 ಚದರ ಅಡಿ. ವರ್ಷದ ಬಳಕೆ ಶುಲ್ಕ ಚದರ ಅಡಿಯ ಲೆಕ್ಕದಲ್ಲಿ ಬರುತ್ತದೆ, ನಗರದ ಯಾವ ಭಾಗ ಎನ್ನುವುದರ ಮೇಲೆ ದರ ಬದಲಾಗುತ್ತದೆ, ಮ್ಯಾನ್‌ಹಾಟನ್‌ನ ಕೆಳಭಾಗ ದುಬಾರಿ. ಅದರ ಜೊತೆಗೆ ನಾಲ್ಕು ವರ್ಷದ ಲೈಸೆನ್ಸ್‌ಗೆ 1,050 ಡಾಲರ್. ಫುಟ್‌ಪಾತ್ ಮತ್ತು ರಸ್ತೆ ಎರಡೂ ಬೇಕೆಂದರೆ 2,100. ಠೇವಣಿ ಬೇರೆ. ಆದರೆ ಆ 160 ಚದರ ಅಡಿಯೂ ಪೂರ್ತಿ ಕೂರಲು ಸಿಗುವುದಿಲ್ಲ. ವಾಹನಗಳ ಕಡೆಗಿರುವ ಮೂರು ಬದಿಗೂ ತೂಕದ ತಡೆಗೋಡೆ ಬೇಕು. ಅದರ ದಪ್ಪ ಒಂದೂವರೆ ಅಡಿ ಎಂದಿಟ್ಟುಕೊಂಡರೆ ಒಳಗೆ ಸಿಗುವುದು 17 ಅಡಿ ಉದ್ದ, 6.5 ಅಡಿ ಅಗಲ, ಸುಮಾರು 110 ಚದರ ಅಡಿ. ಮೇಜು ಕುರ್ಚಿ ಹಾಕುವ ಕಡೆ ಒಬ್ಬರಿಗೆ 15 ಚದರ ಅಡಿ ಎನ್ನುವ ರೂಢಿಯ ಲೆಕ್ಕ ಹಿಡಿದರೆ ಏಳು ಜನ; ಇಬ್ಬರು ಕೂರುವ 24 ಇಂಚಿನ ಮೇಜುಗಳನ್ನು ಒತ್ತಿ ಜೋಡಿಸಿದರೆ ಹತ್ತು. ಇಪ್ಪತ್ತು ಸೀಟು ಬರುತ್ತದೆಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ತಡೆಗೋಡೆಯ ಜಾಗಕ್ಕೂ ಶುಲ್ಕ ಕಟ್ಟುತ್ತೀರಿ ಎನ್ನುವುದನ್ನು ಸೇರಿಸಿಕೊಂಡೇ ವ್ಯಾಪಾರದ ಲೆಕ್ಕ ಮಾಡಿ. ಈ ಹತ್ತು ಸೀಟು ಸಂಜೆಗೆ ಎರಡು ಸುತ್ತು ತುಂಬುವಂತಿದ್ದರೆ ಕೈಹಾಕಬಹುದು. ತುಂಬದಿದ್ದರೆ ಫುಟ್‌ಪಾತ್ ಮೇಲಿನ ನಾಲ್ಕು ಮೇಜೇ ಲೇಸು: ಬಿಚ್ಚುವ ಕೂಲಿ ಇಲ್ಲ, ಗೋದಾಮಿನ ಬಾಡಿಗೆ ಇಲ್ಲ.

ಅರ್ಜಿ ಹಾಕಿದ ಮೇಲೆ ಸಾರಿಗೆ ಇಲಾಖೆ ನಕ್ಷೆ ನೋಡಿ ಕಮ್ಯುನಿಟಿ ಬೋರ್ಡ್ (ಬಡಾವಣೆಯ ನಿವಾಸಿಗಳ ಸಲಹಾ ಮಂಡಳಿ), ಬರೋ (ನಗರದ ಐದು ದೊಡ್ಡ ವಿಭಾಗಗಳಲ್ಲೊಂದು) ಅಧ್ಯಕ್ಷರು, ನಗರದ ಕೌನ್ಸಿಲ್ ಸದಸ್ಯರಿಗೆ ಕಳಿಸುತ್ತದೆ. ಸಾರ್ವಜನಿಕ ವಿಚಾರಣೆಯಾಗುತ್ತದೆ. ಬಳಿಕ ನಗರ ಯಾವಾಗ ಬೇಕಾದರೂ ಹಿಂಪಡೆಯಬಹುದಾದ ಒಪ್ಪಿಗೆಯ ಕರಾರಿಗೆ ಸಹಿ, ಕೊನೆಗೆ ನಗರದ ಹಣಕಾಸಿನ ಲೆಕ್ಕ ನೋಡುವ ಕಂಟ್ರೋಲರ್ ಕಚೇರಿಯಲ್ಲಿ ನೋಂದಣಿ. ಐತಿಹಾಸಿಕ ವಲಯದೊಳಗಿದ್ದರೆ ಹಳೆಯ ಕಟ್ಟಡಗಳ ರಕ್ಷಣೆ ನೋಡುವ ಲ್ಯಾಂಡ್‌ಮಾರ್ಕ್ಸ್ ಆಯೋಗದ ನಿಯಮಗಳನ್ನೂ ನೋಡಬೇಕು.

ಮದ್ಯದ ಕಡೆಯ ಕೆಲಸ ಇದರ ಜೊತೆಜೊತೆಗೇ ನಡೆಯಬೇಕು. ಈಗಿರುವ ಲೈಸೆನ್ಸ್ ಒಳಗಿನ ಜಾಗಕ್ಕೆ ಮಾತ್ರ. ಹೊರಗಿನ ಜಾಗವನ್ನು ಸೇರಿಸಲು ರಾಜ್ಯಕ್ಕೆ ಬದಲಾವಣೆಯ ಅರ್ಜಿ ಕೊಡಬೇಕು, ಅದಕ್ಕೆ 30 ದಿನ ಮೊದಲು ಕಮ್ಯುನಿಟಿ ಬೋರ್ಡ್‌ಗೆ ನೋಟಿಸ್ ಕೊಡಬೇಕು. ಬೋರ್ಡ್ ಸಭೆ ತಿಂಗಳಿಗೊಮ್ಮೆ. ಬೇಸಿಗೆಯಲ್ಲಿ ಎಷ್ಟೋ ಬೋರ್ಡ್‌ಗಳು ಬಿಡುವು ತೆಗೆದುಕೊಳ್ಳುತ್ತವೆ. ಹಾಗಾಗಿ ಏಪ್ರಿಲ್‌ಗೆ ಮೇಜು ಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಅಳತೆ ಮುಗಿದಿರಬೇಕು, ಅಕ್ಟೋಬರ್‌ನಲ್ಲಿ ಎರಡೂ ಕಾಗದ ಹೊರಟಿರಬೇಕು. ಜನವರಿಯಲ್ಲಿ ಎದ್ದವರಿಗೆ ಜುಲೈ ಸಿಕ್ಕರೆ ಪುಣ್ಯ. ಎರಡು ಕಚೇರಿಗೂ ಒಂದೇ ನಕ್ಷೆ, ಅದೇ ಅಳತೆ, ಅಷ್ಟೇ ಕುರ್ಚಿ ಕೊಡಿ. ನಗರದ ನಕ್ಷೆಯಲ್ಲಿ ಹತ್ತು, ರಾಜ್ಯದ ನಕ್ಷೆಯಲ್ಲಿ ಹನ್ನೆರಡು ಕುರ್ಚಿ ತೋರಿಸಿದರೆ ಎರಡೂ ಕಡೆ ಅನುಮಾನ ಹುಟ್ಟುತ್ತದೆ.

ಬೋರ್ಡ್ ಸಭೆಯ ಬಗ್ಗೆ ನಿಮ್ಮ ಭಾವಮೈದುನನಿಗೆ ಇದೊಂದನ್ನು ಒತ್ತಿ ಹೇಳಿ. ನಗರದ ನಿಯಮದ ಪ್ರಕಾರ ಹೊರಗೆ ಸೋಮವಾರದಿಂದ ಶನಿವಾರ ಬೆಳಿಗ್ಗೆ 8ರಿಂದ, ಭಾನುವಾರ 10ರಿಂದ ನಡುರಾತ್ರಿಯವರೆಗೆ ನಡೆಸಬಹುದು. ಆದರೆ ಅಕ್ಕಪಕ್ಕದವರು ಸಭೆಗೆ ಬಂದು ಗದ್ದಲದ ಮಾತೆತ್ತಿದಾಗ ಬೋರ್ಡ್, ರಾತ್ರಿ 10ಕ್ಕೆ ಹೊರಗಿನದನ್ನು ಮುಚ್ಚುತ್ತೇನೆಂದು ಬರೆದುಕೊಡಲು ಕೇಳಬಹುದು. ಸಭೆ ಬೇಗ ಮುಗಿಯಲಿ ಎಂದು ಸಹಿ ಹಾಕುವವರೇ ಹೆಚ್ಚು. ಆ ಮಾತು ಮದ್ಯದ ಲೈಸೆನ್ಸ್‌ನ ಷರತ್ತಾಗಿ ಸೇರಿದರೆ, ನಗರ 12ರವರೆಗೆ ಬಿಟ್ಟರೂ ನಿಮಗೆ 10 ಗಂಟೆಯೇ ಗಡಿ. ಮೀರಿದರೆ ದಂಡ ಬೀಳುವುದು ಮೇಜಿಗಲ್ಲ, ಇಡೀ ಬಾರ್‌ನ ಲೈಸೆನ್ಸ್‌ಗೆ. ಆದ್ದರಿಂದ ಸಭೆಗೆ ಹೋಗುವ ಮೊದಲೇ ಮೇಲ್ಮಹಡಿಯವರನ್ನು, ಎದುರು ಮನೆಯವರನ್ನು ಕಂಡು ಮಾತಾಡಿ. ವಾರದ ದಿನ 10.30, ಶುಕ್ರವಾರ ಶನಿವಾರ 11.30 ಎಂಬಂಥ, ನೀವು ನಿಜವಾಗಿ ಪಾಲಿಸಬಲ್ಲ ಸಮಯವನ್ನು ನೀವೇ ಮುಂದಿಡಿ. ಹೊರಗೆ ಸ್ಪೀಕರ್ ಇಡುವುದಿಲ್ಲ ಎಂದೂ ಹೇಳಿ. ನೆರೆಯವರ ನಿದ್ದೆ ಸಣ್ಣ ವಿಷಯವಲ್ಲ, ಅದಕ್ಕೆ ಬೆಲೆ ಕೊಟ್ಟ ಬಾರ್‌ಗೆ ಮುಂದಿನ ನವೀಕರಣ ಸಲೀಸು.

ರಸ್ತೆಯ ಕೆಫೆಗೂ ಬಾಗಿಲಿಗೂ ನಡುವೆ ಫುಟ್‌ಪಾತ್ ಇರುತ್ತದಲ್ಲ, ಅಲ್ಲಿ ಗ್ಲಾಸು ದಾಟಿಸುವುದು ಸಿಬ್ಬಂದಿ ಮಾತ್ರ. ಗಿರಾಕಿ ಕೌಂಟರ್‌ನಲ್ಲಿ ಬಿಯರ್ ತೆಗೆದುಕೊಂಡು ತಾನೇ ಹೊರಗೆ ಬಂದರೆ, ಸಾರ್ವಜನಿಕ ಜಾಗದಲ್ಲಿ ತೆರೆದ ಮದ್ಯ ಹಿಡಿದ ತಪ್ಪಿಗೆ ಸಿಕ್ಕಿಕೊಳ್ಳುತ್ತಾನೆ. ಆದ್ದರಿಂದ ಹೊರಗಿನ ಮೇಜಿಗೆಂದೇ ಒಬ್ಬರನ್ನು ಇಡಬೇಕು, ಅವರ ಕೂಲಿಯೂ ಲೆಕ್ಕದಲ್ಲಿರಲಿ. ವಿಮೆಯವರಿಗೂ ಪತ್ರ ಬರೆದು ಹೊರಗಿನ ಜಾಗ ಮತ್ತು ಮದ್ಯದ ಹೊಣೆ ಎರಡೂ ಪಾಲಿಸಿಯಲ್ಲಿ ಬಂದಿವೆಯೇ ಎಂದು ಲಿಖಿತವಾಗಿ ತರಿಸಿಕೊಳ್ಳಿ.

ಇನ್ನು ನೆಲ. ಒಳ್ಳೆಯ ನೆಲ ಮಾಡಿದರೆ ನಾಲ್ಕು ವರ್ಷ ಬಾಳುತ್ತದೆ, ಕೆಟ್ಟದ್ದು ಮೊದಲ ಮಳೆಗಾಲದಲ್ಲೇ ನಾರುತ್ತದೆ. ರಸ್ತೆ ಸಮತಟ್ಟಾಗಿರುವುದಿಲ್ಲ, ನೀರು ಅಂಚಿಗೆ ಹರಿಯಲೆಂದು ನಡುವಿನಿಂದ ಅಂಚಿಗೆ ಸುಮಾರು ಶೇ. 2ರ ಇಳಿಜಾರಿರುತ್ತದೆ. ಅಂದರೆ 8 ಅಡಿಯಲ್ಲಿ ಸುಮಾರು 2 ಇಂಚು. ಅಂಚುಕಲ್ಲು 6 ಇಂಚು ಎತ್ತರವಿದ್ದರೆ, ನೆಲವನ್ನು ಫುಟ್‌ಪಾತ್‌ಗೆ ಸಮವಾಗಿ ತರಲು ಅಂಚಿನ ಬಳಿ 6 ಇಂಚು, ಹೊರಗಡೆ 4 ಇಂಚು ಎತ್ತರ ಬೇಕು. ಬಡಗಿಗಳು ಎರಡು ಇಂಚಿನ ರೀಪರ್‌ಗಳನ್ನು ಉದ್ದಕ್ಕೆ ಮಲಗಿಸಿಬಿಡುತ್ತಾರೆ, ನೀರು ಅದರ ಹಿಂದೆ ಕಟ್ಟುತ್ತದೆ. ಅಡ್ಡಕ್ಕೆ ಮಲಗಿಸಿದರೆ ಅಂಚಿನ ಹರಿವೇ ನಿಲ್ಲುತ್ತದೆ. ತಿರುಗಿಸಿ ಎತ್ತರ ಹೊಂದಿಸುವ ಕಾಲುಗಳ ಮೇಲೆ 4 ಅಡಿ ಚದರದ ತುಂಡುಗಳನ್ನು ಕೂರಿಸುವುದೇ ಸರಿ. 160 ಚದರ ಅಡಿಗೆ ಹತ್ತು ತುಂಡು. ಇಬ್ಬರು ಎತ್ತುವಷ್ಟು ತೂಕವಿರಲಿ. ನೆಲದ ಮೇಲೆ ಚದರ ಅಡಿಗೆ 100 ಪೌಂಡ್ ಭಾರ ತಡೆಯುವಂತೆ ಮಾಡಿಸಿ. ಡಾಂಬರಿಗೆ ಬೋಲ್ಟು ಹೊಡೆಯಬೇಡಿ. ವಾರಕ್ಕೊಮ್ಮೆ ಅಂಚಿನ ತುಂಡುಗಳನ್ನೆತ್ತಿ ಕಸ ಗುಡಿಸಿದರೆ ಇಲಿಯ ಕಾಟ ಹತ್ತಿರ ಸುಳಿಯದು.

ನೆಲ ಫುಟ್‌ಪಾತ್‌ಗೆ ಸಮವಾಗಿದ್ದರೆ ಗಾಲಿಕುರ್ಚಿಯವರಿಗೆ ರ‍್ಯಾಂಪ್ ಬೇಕಿಲ್ಲ. ದಾರಿ 36 ಇಂಚು, ಒಂದು ಮೇಜಾದರೂ 28ರಿಂದ 34 ಇಂಚು ಎತ್ತರದ್ದು, ಅದರಡಿ ಮೊಣಕಾಲಿಗೆ 27 ಇಂಚು ಜಾಗ. ಬಾರ್‌ನವರು ಇಷ್ಟಪಡುವ ಎತ್ತರದ ಸ್ಟೂಲು ಮೇಜುಗಳನ್ನಷ್ಟೇ ಹಾಕಿದರೆ ಇಲ್ಲಿ ಸಿಕ್ಕಿಬೀಳುತ್ತಾರೆ. ಕೊಡೆಯ ಅಂಚು ಕೆಫೆಯ ಗೆರೆ ದಾಟಬಾರದು, ಗಾಳಿ ಎದ್ದ ಕೂಡಲೇ ಮಡಚಬೇಕು. ವಿದ್ಯುತ್ ವೈರನ್ನು ಫುಟ್‌ಪಾತ್ ಮೇಲೆ ಎಳೆಯಬೇಡಿ.

ಚರ್ಚ್ ಸ್ಟ್ರೀಟ್ ವಿಷಯ. ಅಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೆ ಬಿಟ್ಟಿದ್ದರು. ಬೀದಿ ಖಾಲಿಯಾದರೂ ಬಾರ್‌ಗಳ ಮೇಜು ಬೀದಿಗಿಳಿಯುವಂತಿರಲಿಲ್ಲ. ಅಬಕಾರಿ ಸನ್ನದು ಇರುವುದು ಚಕ್ಕುಬಂದಿ ಹಾಕಿದ ಕಟ್ಟಡದ ಒಳಗಿಗೆ. ಫುಟ್‌ಪಾತ್ ಅದರಲ್ಲಿ ಸೇರಿಲ್ಲ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮದ್ಯ ರಾಜ್ಯದ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ 1933ರ 21ನೇ ತಿದ್ದುಪಡಿ ಅದನ್ನು ರಾಜ್ಯಗಳ ಕೈಗೇ ಕೊಟ್ಟಿತು. ಹಾಗಾಗಿ ಎರಡೂ ಕಡೆ ಪಾಲಿಕೆಯೊಂದೇ ಮನಸ್ಸು ಮಾಡಿದರೆ ಸಾಲದು. ಬೆಂಗಳೂರಿನಲ್ಲಿ ಈ ಬೇಡಿಕೆ ಇಡುವವರು ಪಾಲಿಕೆಯ ಬಾಗಿಲಿಗಿಂತ ಮೊದಲು ಅಬಕಾರಿ ನಿಯಮದ ತಿದ್ದುಪಡಿ ಕೇಳಬೇಕು. ಅದಕ್ಕೂ ಮುಂಚೆ ನಡೆಯುವವರ 8 ಅಡಿ ಎಲ್ಲಿ ಎಂದು ತೋರಿಸಬೇಕು.

ನವೆಂಬರ್‌ನ ಲೆಕ್ಕವನ್ನೂ ಈಗಲೇ ಹಾಕಿಸಿ. ಹತ್ತು ತುಂಡುಗಳು ಒಂದೊಂದೂ 6 ಇಂಚಿನವಾದರೆ ಒಂದರ ಮೇಲೊಂದು ಪೇರಿಸಿದಾಗ 5 ಅಡಿ ಎತ್ತರ, ನಾಲ್ಕಡಿ ಚದರದ ಮೂಲೆಯೊಂದು ಸಾಕು. ತಡೆಗೋಡೆ, ಕೊಡೆ, ಕುರ್ಚಿಗಳಿಗೆ ಇದರ ಮೂರ್ನಾಲ್ಕು ಪಟ್ಟು ಬೇಕು. ನೆಲಮಾಳಿಗೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಗೋದಾಮಿನ ನಾಲ್ಕು ತಿಂಗಳ ಬಾಡಿಗೆ, ಎರಡು ಸಲದ ಲಾರಿ ಕೂಲಿ ಸೇರಿಸಿ. ನೀರು ತುಂಬಿದ ತಡೆಗೋಡೆಗಳನ್ನು ಒಯ್ಯುವ ಮೊದಲು ಪೂರ್ತಿ ಖಾಲಿ ಮಾಡಿ. ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಪ್ರತಿ ತುಂಡಿನ ಅಡಿಯಲ್ಲೂ ಅಂಚಿನಿಂದ ಎಷ್ಟನೆಯದು ಎಂದು ಬಣ್ಣದಲ್ಲಿ ಅಂಕಿ ಬರೆಸಿಟ್ಟರೆ ಏಪ್ರಿಲ್ 1ಕ್ಕೆ ಮತ್ತೆ ಜೋಡಿಸುವ ಕೆಲಸ ಬೇಗ ಮುಗಿಯುತ್ತದೆ.