ನನಗೆ ಎಚ್‌ಐವಿ ಇದೆ, ಗಂಡನಿಗೆ ಇಲ್ಲ. ನಾವು ಮಗು ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ನಾನು ಉತ್ತರ ಕರ್ನಾಟಕದಲ್ಲಿ ಎಚ್‌ಐವಿಗೆ ಚಿಕಿತ್ಸೆ ಕೊಡುವ ಒಂದು ಎಆರ್‌ಟಿ ಸೆಂಟರ್‌ನಲ್ಲಿ ಆಪ್ತ ಸಮಾಲೋಚಕಿ. ನಿಮ್ಮ ಹಾಗೆಯೇ ಇರುವ ಎಷ್ಟೋ ಹೆಣ್ಣುಮಕ್ಕಳು ಎಚ್‌ಐವಿ ಇಲ್ಲದ ಮಕ್ಕಳನ್ನು ಹೆತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ.

"ಸೆಂಟರ್‌ನಲ್ಲಿ ಮಗುವಿನ ಮಾತೆತ್ತಿದರೆ ಬೈತಾರೇನೋ" ಅಂತ ಬರೆದಿದ್ದೀರಿ. ನನಗೆ ಚಿಂತೆಯಾಗಿದ್ದು ಆ ಸಾಲು ಓದಿ. ಇದೇ ಭಯಕ್ಕೆ ಸುಮ್ಮನಿದ್ದು, ಬಸುರಾಗಿ ಮೂರ್ನಾಲ್ಕು ತಿಂಗಳಾದ ಮೇಲೆ ಬಂದು ಹೇಳುವವರು ಬಹಳ ಜನ. ದಯವಿಟ್ಟು ಮೊದಲೇ ಹೇಳಿ.

ಯಾಕೆಂದರೆ ಎಲ್ಲವೂ ನಿಮ್ಮ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್‌ನ ಪ್ರಮಾಣದ ಮೇಲೆ ನಿಂತಿದೆ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45. ಬಸುರಿಗೆ ಮುಂಚಿನಿಂದಲೂ ಮಾತ್ರೆ ತಪ್ಪಿಸದೆ ನುಂಗಿ, ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿದ್ದರೆ ಹೆರಿಗೆ ಮುಗಿಯುವ ತನಕ ಅದು ಶೇ. 1ಕ್ಕಿಂತ ಕೆಳಗೇ ಇರುತ್ತದೆ. ಗಂಡನ ವಿಷಯದಲ್ಲೂ ಅಷ್ಟೇ. ಯುರೋಪಿನ ಪಾರ್ಟ್ನರ್ ಅಧ್ಯಯನದಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ, ಕಾಂಡೋಮ್ ಬಳಸದ 888 ಜೋಡಿಗಳನ್ನು ನೋಡಿದರು. ವೈರಸ್ ಹತೋಟಿಯಲ್ಲಿದ್ದಾಗ ಸಂಗಾತಿಯಿಂದ ಸಂಗಾತಿಗೆ ಒಮ್ಮೆಯೂ ಹರಡಲಿಲ್ಲ. 2016ರಲ್ಲಿ ಇದು ಪ್ರಕಟವಾಯಿತು.

ಹಾಗಾಗಿ ಮಾತ್ರೆ ಶುರುವಾಗಿ ಕನಿಷ್ಠ ಆರು ತಿಂಗಳಾಗಿರಲಿ, ವೈರಸ್ ಪತ್ತೆಯಾಗುತ್ತಿಲ್ಲ ಅನ್ನುವ ವೈರಲ್ ಲೋಡ್ ರಿಪೋರ್ಟ್ ಕೈಯಲ್ಲಿರಲಿ. ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ. ಆಮೇಲೆ ಗರ್ಭ ನಿಲ್ಲುವ ದಿನಗಳಲ್ಲಿ ಮಾತ್ರ ಬಿಟ್ಟರೆ ಸಾಕು. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಾದರೆ, ಮುಟ್ಟಾದ ಮೊದಲ ದಿನದಿಂದ ಎಣಿಸಿ ಸುಮಾರು 10ರಿಂದ 16ನೇ ದಿನ. ಇಷ್ಟಾದರೂ ಗಂಡನಿಗೆ ಭಯ ಹೋಗದಿದ್ದರೆ, ವೀರ್ಯವನ್ನು ಸೂಜಿಯಿಲ್ಲದ ಸಿರಿಂಜ್‌ನಿಂದ ಒಳಗೆ ಸೇರಿಸಿಕೊಳ್ಳುವ ದಾರಿಯೂ ಇದೆ. ಡಾಕ್ಟರ್ ಹೇಳಿಕೊಡುತ್ತಾರೆ, ನಾಚಿಕೆ ಬೇಡ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಎಚ್‌ಐವಿ ಇದೆ ಅಂತಲೇ ಸಿಜೇರಿಯನ್ ಮಾಡಬೇಕಿಲ್ಲ. ಮಗುವಿಗೆ ಸೋಂಕು ತಗಲದಂತೆ ಕನಿಷ್ಠ ಆರು ವಾರ ಸಿರಪ್ ಕೊಡುತ್ತಾರೆ. ಆರನೇ ವಾರದಲ್ಲಿ ಮೊದಲ ರಕ್ತ ಪರೀಕ್ಷೆ, 18ನೇ ತಿಂಗಳಲ್ಲಿ ಕೊನೆಯದು.

ಎದೆಹಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ಮಾತ್ರೆ ನುಂಗುತ್ತಲೇ ಎದೆಹಾಲು ಕೊಡಬಹುದು. ಆದರೆ ಮೊದಲ ಆರು ತಿಂಗಳು ಬರೀ ಎದೆಹಾಲು. ಜೊತೆಗೆ ಬೇರೆ ಏನನ್ನಾದರೂ ಕೊಟ್ಟರೆ ಮಗುವಿನ ಕರುಳಿಗೆ ತೊಂದರೆಯಾಗಿ ಸೋಂಕಿನ ಅಪಾಯ ಹೆಚ್ಚುತ್ತದೆ. ಜೇನುತುಪ್ಪ, ಬಜೆ, ಹರಳೆಣ್ಣೆ, ಬಿಸಿನೀರು ಎಲ್ಲ ಬರುವುದು ಬಾಣಂತನದ ಮನೆಯಲ್ಲೇ ಅಲ್ವಾ? ಅತ್ತೆಗೆ ನಿಮ್ಮ ವಿಷಯ ಗೊತ್ತಿಲ್ಲ ಅಂದಿದ್ದೀರಿ. ಹೇಳುವ ಅಗತ್ಯವೂ ಇಲ್ಲ. ಎಲ್ಲ ಬಾಣಂತಿಯರಿಗೂ ಆಶಾ ಕಾರ್ಯಕರ್ತೆ ಹೇಳುವುದು ಇದನ್ನೇ: ಆರು ತಿಂಗಳು ನೀರೂ ಬೇಡ. ಅವರ ಬಾಯಲ್ಲೇ ಅತ್ತೆಗೆ ಹೇಳಿಸಿ.

ಒಂದು ಮಗುವಾದ ಮೇಲೆ ಸದ್ಯಕ್ಕೆ ಇನ್ನೊಂದು ಬೇಡ ಅನ್ನಿಸಿದರೆ ಕಾಪರ್‌ಟಿ ಹಾಕಿಸಿಕೊಳ್ಳಬಹುದು, ಎಚ್‌ಐವಿ ಅದಕ್ಕೆ ಅಡ್ಡಿಯಲ್ಲ. ಆಪರೇಷನ್ ಮಾಡಿಸಿಕೋ, ಬಸುರು ತೆಗೆಸಿಕೋ ಅಂತ ಯಾರಾದರೂ ಒತ್ತಾಯ ಮಾಡಿದರೆ ಒಪ್ಪಬೇಡಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ, ಎಚ್‌ಐವಿ ಇರುವ ಬಸುರಿಯ ಒಪ್ಪಿಗೆಯಿಲ್ಲದೆ ಅವೆರಡನ್ನೂ ಮಾಡುವಂತಿಲ್ಲ. ಈ ಹಕ್ಕು ನಿಮ್ಮದು ಅಂತ ನೆನಪಿರಲಿ.

ಸೆಂಟರ್‌ನಲ್ಲಿ ಬಾಯಿಬಿಟ್ಟು ಕೇಳಲು ಇನ್ನೂ ಧೈರ್ಯ ಬರದಿದ್ದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ. ವಿಷಯ ಗುಟ್ಟಾಗಿರುತ್ತದೆ.