ಫ್ರೆಂಚಿನ ‘ಕೊಂದಿಸಿಯೊನೆಲ್ ಪಾಸೆ’ ರೂಪಿಸುವುದು ಹೇಗೆ? ನಾನು ಪ್ರತಿ ಸಲ ಆಂಪಾರ್ಫೆಯನ್ನೇ ಬರೆದುಬಿಡುತ್ತೇನೆ

ನಿಮ್ಮ ತಪ್ಪು ಕನ್ನಡದಿಂದ ಬರುತ್ತಿದೆ. ‘ನೀನು ಹೇಳಿದ್ದರೆ ನಾನು ಬರುತ್ತಿದ್ದೆ’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಹೇಳಿದ್ದರೆ’ ಎಂಬ ಭಾಗ ಫ್ರೆಂಚಿಗೆ ಸಲೀಸಾಗಿ ಹೊಂದುತ್ತದೆ: ಅಲ್ಲೂ ಸಿ (‘ಒಂದು ವೇಳೆ’) ಆದಮೇಲೆ ‘ಹೇಳಿದ್ದೆ’ ಎನ್ನುವ ಕಾಲವೇ, ಅಂದರೆ ಪ್ಲ್ಯುಸ್-ಕ-ಪಾರ್ಫೆ. ತೊಡಕು ಇರುವುದು ‘ಬರುತ್ತಿದ್ದೆ’ಯಲ್ಲಿ. ‘ಚಿಕ್ಕವನಿದ್ದಾಗ ದಿನಾ ಬರುತ್ತಿದ್ದೆ’ ಎನ್ನುವುದಕ್ಕೂ ನಮಗೆ ಅದೇ ರೂಪ. ಫ್ರೆಂಚಿನಲ್ಲಿ ದಿನಾ ಬರುತ್ತಿದ್ದದ್ದು ‘ಜ ವನೆ’, ಇದು ಆಂಪಾರ್ಫೆ. ಬರುತ್ತಿದ್ದೆ, ಆದರೆ ಬರಲಿಲ್ಲ ಎಂಬ ಅರ್ಥದ್ದು ‘ಜ ಸರೆ ವನ್ಯು’, ಇದೇ ಕೊಂದಿಸಿಯೊನೆಲ್ ಪಾಸೆ. ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಕೆಲಸ ನಿಜವಾಗಿ ನಡೆಯಿತೇ? ನಡೆಯದಿದ್ದರೆ ಆಂಪಾರ್ಫೆ ಬೇಡ.

ರೂಪ ಕಟ್ಟುವುದರಲ್ಲಿ ಹೊಸದೇನೂ ಇಲ್ಲ. ಸಹಾಯಕ ಕ್ರಿಯಾಪದವನ್ನು, ಅಂದರೆ ಅವ್ವಾರ್ (‘ಹೊಂದಿರು’) ಅಥವಾ ಎತ್ರ್ (‘ಇರು’) ಅನ್ನು, ಕೊಂದಿಸಿಯೊನೆಲ್ ಪ್ರೆಸಾಂನಲ್ಲಿ ಇಡಿ, ಮುಂದೆ ಪಾರ್ತಿಸಿಪ್ ಪಾಸೆ (‘ವನ್ಯು’ವಿನಂಥ ಭೂತ ಕೃದಂತ) ಸೇರಿಸಿ. ಅವ್ವಾರ್‌ಗೆ: ಜೊರೆ, ತ್ಯು ಒರೆ, ಇಲ್ ಒರೆ, ನೂ ಜೊರಿಯೊಂ, ವೂ ಜೊರಿಯೆ, ಇಲ್ ಜೊರೆ. ಎತ್ರ್‌ಗೆ: ಜ ಸರೆ, ತ್ಯು ಸರೆ, ಇಲ್ ಸರೆ, ನೂ ಸರಿಯೊಂ, ವೂ ಸರಿಯೆ, ಇಲ್ ಸರೆ. (ಕನ್ನಡ ಲಿಪಿಯಲ್ಲಿ ಉಚ್ಚಾರ ಸುಮಾರಾಗಿ ಅಷ್ಟೇ.) ಕಿವಿಗೆ ನಾಲ್ಕು ರೂಪ ಒಂದೇ ಥರ ಕೇಳಿದರೂ ಬರೆಯುವಾಗ ಕೊನೆಯ ಅಕ್ಷರಗಳು ಬೇರೆ: ‘ಜ’, ‘ತ್ಯು’ಗೆ ಎ-ಐ-ಎಸ್, ‘ಇಲ್’ ಏಕವಚನಕ್ಕೆ ಎ-ಐ-ಟಿ, ಬಹುವಚನಕ್ಕೆ ಎ-ಐ-ಇ-ಎನ್-ಟಿ. ‘ಜೊರೆ’ಯ ಕೊನೆಯ ಎಸ್ ಬಿಟ್ಟರೆ ಅದು ‘ಮಾಡಿರುತ್ತೇನೆ’ ಎಂಬ ಫ್ಯುತ್ಯುರ್ ಆಂತೆರಿಯರ್ ಆಗಿಬಿಡುತ್ತದೆ. ಅನುಮಾನ ಬಂದಾಗ ‘ಜ’ ಜಾಗದಲ್ಲಿ ‘ನೂ’ ಹಾಕಿ ನೋಡಿ. ‘ಒರಿಯೊಂ’ ಬಂದರೆ ಎಸ್ ಬೇಕು, ‘ಒರೊಂ’ ಬಂದರೆ ಬೇಡ.

ಎತ್ರ್ ಯಾವುದಕ್ಕೆ? ಪಾಸೆ ಕೊಂಪೊಸೆಯಲ್ಲಿ (ಮುಗಿದ ಕೆಲಸ ಹೇಳುವ ಭೂತಕಾಲ) ಎತ್ರ್ ತೆಗೆದುಕೊಳ್ಳುವವೇ ಇಲ್ಲೂ: ಹೋಗು, ಬಾ, ಹೊರಡು, ತಲುಪು, ಹತ್ತು, ಇಳಿ, ಬೀಳು, ಹುಟ್ಟು, ಸಾಯಿ ಮುಂತಾದವು, ಜೊತೆಗೆ ‘ಸ’ (ತನ್ನನ್ನು) ಹಚ್ಚಿಕೊಂಡ ಎಲ್ಲ ಕ್ರಿಯಾಪದಗಳು. ‘ಚಲನೆ ಇದ್ದರೆ ಎತ್ರ್’ ಎಂಬ ಸೂತ್ರವನ್ನು ನಂಬಬೇಡಿ. ‘ಉಳಿ’ ಎಂಬ ರೆಸ್ತೆಯಲ್ಲಿ ಚಲನೆಯೇ ಇಲ್ಲ, ಆದರೂ ಎತ್ರ್. ಸೊರ್ತೀರ್ (ಹೊರಗೆ ಹೋಗು), ಮೊಂತೆ (ಹತ್ತು), ಇಳಿ ಎಂಬ ದೆಸಾಂದ್ರ್‌ಗೆ ಕರ್ಮ ಸಿಕ್ಕಿದರೆ ಅವು ಅವ್ವಾರ್ ಕಡೆಗೆ ಹೋಗುತ್ತವೆ: ನಾನೇ ಹೊರಗೆ ಹೋಗುವ ಮಾತಾದರೆ ‘ಜ ಸರೆ ಸೊರ್ತಿ’, ಕಾರನ್ನು ಹೊರತೆಗೆಯುವ ಮಾತಾದರೆ ‘ಜೊರೆ ಸೊರ್ತಿ ಲಾ ವ್ವಾತ್ಯೂರ್’.

ಎತ್ರ್ ಇದ್ದಲ್ಲಿ ಕರ್ತೃವಿನ ಲಿಂಗ, ವಚನ ಪಾರ್ತಿಸಿಪ್‌ಗೆ ಅಂಟುತ್ತದೆ. ‘ಎಲ್ ಸರೆ ವನ್ಯು’ ಬರೆಯುವಾಗ ಕೊನೆಗೊಂದು ಇ, ಬಹುವಚನವಾದರೆ ಇ-ಎಸ್. ಕಿವಿಗೆ ಕೇಳದ ಅಕ್ಷರವಾದ್ದರಿಂದ ಎಲ್ಲರೂ ಇದನ್ನು ಬಿಡುತ್ತಾರೆ. ‘ಸ’ ಇದ್ದಾಗ ಇನ್ನೊಂದು ಕಿರಿಕಿರಿ: ‘ಅವಳು ಸ್ನಾನ ಮಾಡಿರುತ್ತಿದ್ದಳು’ ಎಂಬ ‘ಎಲ್ ಸ ಸರೆ ಲಾವೆ’ಗೆ ಇ ಸೇರುತ್ತದೆ, ಆದರೆ ಅದರ ನಂತರ ‘ಲೆ ಮ್ಯಾಂ’, ಅಂದರೆ ಕೈಗಳು, ಬಂತೋ ಇ ಬೇಡ, ಆಗ ಕರ್ಮ ಕೈಗಳೇ. ನಿಷೇಧದಲ್ಲಿ ‘ನ’ ಮತ್ತು ‘ಪಾ’ ಸಹಾಯಕ ಕ್ರಿಯಾಪದವನ್ನು, ಅದಕ್ಕೆ ಅಂಟಿದ ‘ಮ’ದಂಥ ಸರ್ವನಾಮವಿದ್ದರೆ ಅದನ್ನೂ, ಸುತ್ತುವರಿಯುತ್ತವೆ, ಪಾರ್ತಿಸಿಪ್ ಹೊರಗೇ ಉಳಿಯುತ್ತದೆ: ‘ಜ ನ ಮ ಸರೆ ಪಾ ಲವೆ’, ನಾನು ಏಳುತ್ತಿರಲಿಲ್ಲ.

ಸಿ ಇರುವ ಭಾಗದಲ್ಲಿ ‘ಒರೆ’, ‘ಸರೆ’ ಎಂದೂ ಹಾಕಬೇಡಿ. ‘ಸಿ ಜೊರೆ ಸ್ಯು’ ತಪ್ಪು, ‘ಸಿ ಜಾವೆ ಸ್ಯು’ (ನನಗೆ ತಿಳಿದಿದ್ದರೆ) ಸರಿ. ಇನ್ನು, ಫಲ ಈಗಿನದಾದರೆ ಎರಡನೇ ಭಾಗಕ್ಕೆ ಪಾಸೆ ಬೇಕಿಲ್ಲ: ತಿಂದಿದ್ದರೆ ಈಗ ಹಸಿವಿರುತ್ತಿರಲಿಲ್ಲ, ‘ಸಿ ಜಾವೆ ಮಾಂಜೆ, ಜ ನೊರೆ ಪಾ ಫ್ಯಾಂ’.

ಮಾತಿನಲ್ಲಿ ಈ ರೂಪ ದವ್ವಾರ್ (‘ಬೇಕು’ ಎನ್ನುವ ಕ್ರಿಯಾಪದ) ಜೊತೆ ಬಹಳ ಸಲ ಕಿವಿಗೆ ಬೀಳುತ್ತದೆ, ಕನ್ನಡಿಗರು ಎಡವುವುದೂ ಅಲ್ಲೇ. ‘ಹೋಗಬೇಕಿತ್ತು’ ಎಂದರೆ ನಮ್ಮಲ್ಲಿ ಎರಡರ್ಥ. ಹೋಗುವುದಿತ್ತು, ಅದೇ ನನ್ನ ಯೋಜನೆ ಎಂದಾದರೆ ‘ಜ ದವೆ ಆಲೆ’. ಹೋಗಬೇಕಿತ್ತು, ಹೋಗದೆ ತಪ್ಪು ಮಾಡಿದೆ ಎಂಬ ಹಳಹಳಿಕೆಯಾದರೆ ‘ಜೊರೆ ದ್ಯು ಆಲೆ’. ಇಲ್ಲಿ ‘ಹೋಗು’ ಇದೆಯೆಂದು ‘ಜ ಸರೆ ದ್ಯು’ ಮಾಡಬೇಡಿ. ಸಹಾಯಕವನ್ನು ಆರಿಸುವುದು ದವ್ವಾರ್, ಅದಕ್ಕೆ ಯಾವಾಗಲೂ ಅವ್ವಾರ್. ಕೊನೆಯ ‘ಆಲೆ’ ಇ-ಆರ್‌ನಲ್ಲಿ ಮುಗಿಯುವ ಮೂಲರೂಪ; ಪಾರ್ತಿಸಿಪ್‌ನ ಉಚ್ಚಾರವೂ ಅದೇ ಆಗಿರುವುದರಿಂದ ಮೇಲೆ ಗೆರೆಯಿರುವ ಇ (é) ಬರೆದುಬಿಡುವುದು ಬಲು ಸುಲಭ. ‘ದ್ಯು’ವಿನ ಯು ಮೇಲಿನ ಟೋಪಿಯನ್ನೂ ಮರೆಯಬೇಡಿ. ‘ಮಾಡಬಹುದಿತ್ತು’ ಎನ್ನಲು ಪುವ್ವಾರ್‌ನಿಂದ ‘ಜೊರೆ ಪ್ಯು ಫೆರ್’, ಇದಕ್ಕೆ ಟೋಪಿ ಇಲ್ಲ.

ಪತ್ರಿಕೆ ಓದುವಾಗ ಸಿ ಇಲ್ಲದೆಯೂ ಈ ರೂಪ ಸಿಗುತ್ತದೆ. ‘ಲ ಮಿನಿಸ್ತ್ರ್ ಒರೆ ದೆಮಿಸಿಯೊನೆ’ ಎಂದರೆ ಸಚಿವರು ರಾಜೀನಾಮೆ ಕೊಟ್ಟಿದ್ದಾರಂತೆ. ಖಚಿತವಾಗದ ಸುದ್ದಿಗೆ ಫ್ರೆಂಚ್ ವರದಿಗಾರರು ಬಳಸುವ ‘ಅಂತೆ’ ಇದು. ಇಲ್ಲಿ ‘ಕೊಡುತ್ತಿದ್ದರು’ ಎಂದು ಓದಿಕೊಂಡರೆ ಸುದ್ದಿಯೇ ತಿರುವುಮುರುವಾಗುತ್ತದೆ.